ಗಂಡು ಸಿಗಡಿ ಹೆಣ್ಣಾಗುತ್ತದಾ?

ನೀವು ಕೇಳಿರುವುದು ಇಷ್ಟು: ಮನೆಯ ಅಕ್ವೇರಿಯಂ ಟ್ಯಾಂಕ್‌ಗೆ ಆರು ಚೆರ್ರಿ ಸಿಗಡಿ, ಅಂದರೆ ಸಿಹಿನೀರಿನ ಪುಟ್ಟ ಕೆಂಪು ಸಿಗಡಿ, ತಂದಿರಿ. ಎಲ್ಲವೂ ಸಣಕಲು, ಬಣ್ಣವೂ ತೆಳು, ಹಾಗಾಗಿ ಎಲ್ಲಾ ಗಂಡು ಅಂದುಕೊಂಡಿರಿ. ಎರಡು ತಿಂಗಳಲ್ಲಿ ಒಂದು ಕೆಂಪೇರಿ, ಈಗ ಹೊಟ್ಟೆಯಡಿ ಮೊಟ್ಟೆ ಹೊತ್ತಿದೆ. ಗಂಡು ಹೆಣ್ಣಾಯಿತಾ?

ಇಲ್ಲ. ಅದು ಮೊದಲಿನಿಂದಲೂ ಹೆಣ್ಣೇ. ಎಳೆಯ ಹೆಣ್ಣು ನೋಡೋಕೆ ಗಂಡಿನ ಹಾಗೇ ಇರುತ್ತದೆ, ಬಣ್ಣ ಏರುವುದು ಬೆಳೆದ ಮೇಲೆ. ನನ್ನ ಟ್ಯಾಂಕ್‌ನಲ್ಲೂ ಹೀಗೇ ಆಗಿತ್ತು. ಆಮೇಲೆ ಬಣ್ಣ ಬಿಟ್ಟು ಹೊಟ್ಟೆಯ ಅಂಚು ನೋಡುವುದನ್ನು ಕಲಿತೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಗಂಡಿನ ಹೊಟ್ಟೆಯ ಕೆಳಗಿನ ಗೆರೆ ನೇರ. ಹೆಣ್ಣಿಗೆ ಮೊಟ್ಟೆ ಮುಚ್ಚಿಕೊಳ್ಳಬೇಕಲ್ವಾ, ಅದಕ್ಕೇ ಅಲ್ಲಿನ ಚಿಪ್ಪು ಅಗಲವಾಗಿ ಇಳಿಬಿದ್ದಿರುತ್ತದೆ. ತಲೆಯ ಹಿಂದೆ, ಬೆನ್ನೊಳಗೆ ಹಳದಿ ಗುರುತು ಕಂಡರೆ ಅನುಮಾನವೇ ಬೇಡ. ಅದು ಅಂಡಾಶಯದಲ್ಲಿ ಬಲಿಯುತ್ತಿರುವ ಮೊಟ್ಟೆ.

ಇನ್ನೊಂದು ಮಾತು. ಉಳಿದ ಐದರಲ್ಲಿ ಒಂದಾದರೂ ಗಂಡಿದೆ. ಹೆಣ್ಣು ಪೊರೆ ಕಳಚಿದ ಕೂಡಲೇ ನೀರಿಗೆ ಒಂದು ವಾಸನೆ ಬಿಡುತ್ತದೆ. ಅಲ್ಲಿಯವರೆಗೆ ಪಾಚಿ ಮೇಯುತ್ತಿದ್ದ ಗಂಡುಗಳು ಹುಚ್ಚೆದ್ದ ಹಾಗೆ ಟ್ಯಾಂಕ್ ಪೂರ್ತಿ ಈಜಾಡತೊಡಗುತ್ತವೆ. ಮೈ ಮೆತ್ತಗಿರುವ ಆ ಹೊತ್ತಲ್ಲೇ ಕೂಡಬೇಕು. ಗಂಡಿನ ಬೀಜವನ್ನು ಮುಂದಿನ ಪೊರೆಯವರೆಗೆ ಕೂಡಿಟ್ಟುಕೊಳ್ಳುವ ಏರ್ಪಾಟು ಇವುಗಳ ಮೈಯಲ್ಲಿಲ್ಲ.

ಹಾಗಂತ ನಿಮ್ಮ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಉತ್ತರದ ತಣ್ಣನೆ ಸಮುದ್ರದ ಪಾಂಡಲಸ್ ಬೊರಿಯಾಲಿಸ್ ಅನ್ನುವ ಸಿಗಡಿ ಮೊದಲು ಗಂಡಾಗಿ ಬಾಳಿ, ಬೆಳೆದ ಮೇಲೆ ಹೆಣ್ಣಾಗುತ್ತದೆ. ಸಿಹಿನೀರಿನ ಸಿಗಡಿಯಲ್ಲಿ ಮನುಷ್ಯರೇ ಇದನ್ನು ಮಾಡಿದ್ದಾರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಗಂಡಿನ ಕೊನೆಯ ಜೊತೆ ನಡೆಗಾಲಿನ ಬುಡದಲ್ಲಿ ಒಂದು ಪುಟ್ಟ ಗ್ರಂಥಿ ಇದೆ. ಗಂಡುತನ ನಿಂತಿರುವುದು ಅದರ ಮೇಲೆ. 1954ರಲ್ಲಿ ಫ್ರಾನ್ಸಿನ ಎಲೆನ್ ಶಾರ್ನಿಯೋ-ಕೋಟನ್ ಸಿಗಡಿಯ ದೂರದ ನೆಂಟನಾದ, ಕಡಲತೀರದಲ್ಲಿ ಪುಟಿಯುವ ಸ್ಯಾಂಡ್‌ಹಾಪರ್ ಅನ್ನುವ ಪುಟ್ಟ ಜೀವಿಯಲ್ಲಿ ಇದನ್ನು ತೋರಿಸಿದರು. ಗ್ರಂಥಿಯನ್ನು ಹೆಣ್ಣಿನ ಮೈಯೊಳಗೆ ಕೂರಿಸಿದಾಗ ಹೆಣ್ಣು ಗಂಡಿನತ್ತ ತಿರುಗಿತು.

ಕೇರಳದ ಕುಟ್ಟನಾಡಿನ ನೀರಲ್ಲಿ ಸಿಗುವ, ನಾವು ಸ್ಕಾಂಪಿ ಅನ್ನುವ ದೊಡ್ಡ ಸಿಗಡಿಯಲ್ಲಿ ಗಂಡಿಗೇ ತೂಕ ಜಾಸ್ತಿ. ಸಾಕುವವರಿಗೆ ಬೇಕಾದದ್ದು ಗಂಡುಮರಿ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದಲ್ಲಿ ಅಮೀರ್ ಸಾಗಿ ಅವರ ತಂಡ ಎಳೆಯ ಗಂಡುಗಳಲ್ಲಿ ಈ ಗ್ರಂಥಿಯ ಹಾರ್ಮೋನಿನ ಜೀನನ್ನು ಸುಮ್ಮನಾಗಿಸಿತು. ಜೀನನ್ನು ಕತ್ತರಿಸಲಿಲ್ಲ, ಬದಲಾಯಿಸಲೂ ಇಲ್ಲ. ಆ ಗಂಡುಗಳು ಮೊಟ್ಟೆಯಿಡುವ ಪೂರ್ತಿ ಹೆಣ್ಣುಗಳಾದವು. 2012ರಲ್ಲಿ ಇದು ಪ್ರಕಟವಾಯಿತು. ಸ್ಕಾಂಪಿಯಲ್ಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಹೀಗೆ ಹೆಣ್ಣಾದ ಗಂಡಿನ ಹತ್ತಿರ ಕೊಡೋಕೆ ಡಬ್ಲ್ಯೂ ಇಲ್ಲವೇ ಇಲ್ಲ. ಮಾಮೂಲಿ ಗಂಡಿನ ಜೊತೆ ಕೂಡಿಸಿದರೆ ಮರಿಗಳೆಲ್ಲ ಗಂಡು.

ನಿಮ್ಮ ಟ್ಯಾಂಕ್‌ನಲ್ಲಿ ಇದ್ಯಾವುದೂ ನಡೆದಿಲ್ಲ. ತಾಯಿ ಮೂರ್ನಾಲ್ಕು ವಾರ ಮೊಟ್ಟೆ ಹೊತ್ತು, ಹೊಟ್ಟೆಯ ಈಜುಕಾಲುಗಳಿಂದ ಬೀಸಿ ಬೀಸಿ ಅವಕ್ಕೆ ಹೊಸ ನೀರು ತಾಗಿಸುತ್ತಿರುತ್ತದೆ. ಸ್ಕಾಂಪಿಯ ಮರಿಗೆ ಮೊದಮೊದಲು ಉಪ್ಪುನೀರು ಬೇಕು, ಚೆರ್ರಿಗೆ ಬೇಡ. ಮರಿ ತಾಯಿಯ ರೂಪದಲ್ಲೇ ಹೊರಬರುತ್ತದೆ, ಬರೀ ಒಂದೆರಡು ಮಿಲಿಮೀಟರ್ ಉದ್ದ. ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕಿ ಕಂಡರೆ ಅವು ಮರಿಯ ಕಣ್ಣು, ದಿನ ಹತ್ತಿರ ಬಂತು ಅಂತ ಅರ್ಥ. ಮರಿಗಳನ್ನು ಫಿಲ್ಟರ್ ಒಳಗೆ ಎಳೆದುಕೊಳ್ಳದ ಹಾಗೆ ಅಷ್ಟರೊಳಗೆ ಅದರ ಬಾಯಿಗೆ ಒಂದು ತುಂಡು ಸ್ಪಂಜು ಕಟ್ಟಿಬಿಡಿ.