108 ತಡವಾದರೆ ಸದನದಲ್ಲಿ ಏನು ಕೇಳಿಸಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನ ತುರ್ತು ಚಿಕಿತ್ಸೆಯ ಬಗ್ಗೆ. ಆಯ್ದ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ನಾಪೋಕ್ಲುವಿನ ಓದುಗರು: ಆಂಬುಲೆನ್ಸ್ ತಡವಾಗುವ ಬಗ್ಗೆ ಲೋಕಸಭೆಯಲ್ಲಿ ಕೇಳಿಸೋಣವೆಂದರೆ, "ಆರೋಗ್ಯ ರಾಜ್ಯದ ವಿಷಯ" ಎಂದು ಉತ್ತರ ಬಂದು ಮುಗಿಯುತ್ತದಂತೆ. ಹಾಗಾದರೆ ಕೇಂದ್ರವನ್ನು ಕೇಳುವಂತೆಯೇ ಇಲ್ಲವೇ?

ಕೇಳಬಹುದು, ಆದರೆ ಹಣದ ಬಗ್ಗೆ ಕೇಳಬೇಕು. ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ಸಂವಿಧಾನದ ರಾಜ್ಯ ಪಟ್ಟಿಯ 6ನೇ ನಮೂದಿನಲ್ಲಿವೆ. "ನಾಪೋಕ್ಲುವಿಗೆ ಆಂಬುಲೆನ್ಸ್ ಯಾಕೆ ತಡ?" ಎಂಬ ಪ್ರಶ್ನೆಯನ್ನು ಕೇಂದ್ರ ಸಚಿವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ 108 ಸೇವೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣವೂ ಸೇರುತ್ತದೆ. ಆ ಅಭಿಯಾನದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ಕರ್ನಾಟಕದ್ದು 40. ತುರ್ತು ವಾಹನಗಳಿಗೆ ರಾಜ್ಯ ಕೇಳಿದ್ದೆಷ್ಟು, ಕೇಂದ್ರ ಒಪ್ಪಿದ್ದೆಷ್ಟು, ಬಿಡುಗಡೆಯಾದದ್ದು ಯಾವ ತಿಂಗಳಲ್ಲಿ, ವರ್ಷದ ಕೊನೆಗೆ ಖರ್ಚಾಗದೆ ಉಳಿದದ್ದೆಷ್ಟು? ಇವಕ್ಕೆ ದೆಹಲಿಯೇ ಉತ್ತರ ಕೊಡಬೇಕು. ಒಪ್ಪಿಗೆಯ ನಡಾವಳಿ ಅಭಿಯಾನದ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ತುರ್ತು ಸಾರಿಗೆಯ ಸಾಲನ್ನು ಓದಿಕೊಂಡು ಸಂಸದರ ಕಚೇರಿಗೆ ಹೋಗಿ.

ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ಸೂಚನೆ ಕೊಡಬೇಕು. ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಗಳು 20 ಮಾತ್ರ. ಚುಕ್ಕೆ ಇಲ್ಲದವು 230ರವರೆಗೆ ಹೋಗುತ್ತವೆ, ಅವಕ್ಕೆ ಲಿಖಿತ ಉತ್ತರ. ಅಂಕಿ ಅಂಶ ಬೇಕಿದ್ದರೆ ಚುಕ್ಕೆ ಇಲ್ಲದ ಪ್ರಶ್ನೆಯೇ ಸಾಕು. ಸಚಿವರನ್ನು ಎದ್ದು ನಿಲ್ಲಿಸಿ ಉಪಪ್ರಶ್ನೆ ಕೇಳಬೇಕಿದ್ದರೆ ಮಾತ್ರ ಚುಕ್ಕೆ ಗುರುತಿನದ್ದು ಬೇಕು.

ಪೊನ್ನಂಪೇಟೆಯ ಓದುಗರು: ಶಾಸಕರು "ಪ್ರಶ್ನೆ ಬರೆದು ಕೊಡಿ, ಹಾಕುತ್ತೇನೆ" ಎಂದಿದ್ದಾರೆ. ಹೇಗೆ ಬರೆಯಬೇಕು?

ಇದು ಬಹಳ ಮುಖ್ಯವಾದ ಅವಕಾಶ, ಹಾಳು ಮಾಡಿಕೊಳ್ಳಬೇಡಿ. "ಜಿಲ್ಲೆಯಲ್ಲಿ ಎಷ್ಟು ಆಂಬುಲೆನ್ಸ್‌ಗಳಿವೆ?" ಎಂದು ಕೇಳಿದರೆ ಒಂದು ಸಂಖ್ಯೆ ಬರುತ್ತದೆ. ಅದರಲ್ಲಿ ಗ್ಯಾರೇಜಿನಲ್ಲಿರುವ ವಾಹನವೂ ಸೇರಿರುತ್ತದೆ. ಅದರ ಬದಲು ಹೀಗೆ ಬರೆಯಿರಿ:

"ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಕೊಡಗು ಜಿಲ್ಲೆಯ 108 ಸೇವೆಯಲ್ಲಿ, ತಾಲ್ಲೂಕುವಾರು ಮತ್ತು ತಿಂಗಳುವಾರು, (ಅ) ದಾಖಲಾದ ತುರ್ತು ಕರೆಗಳೆಷ್ಟು, ವಾಹನ ಕಳುಹಿಸಲಾಗದ ಕರೆಗಳೆಷ್ಟು, (ಆ) ಕರೆ ಸ್ವೀಕರಿಸಿದ ಸಮಯದಿಂದ ವಾಹನ ಸ್ಥಳ ತಲುಪಲು 30 ನಿಮಿಷ ಮೀರಿದ ಹಾಗೂ 60 ನಿಮಿಷ ಮೀರಿದ ಪ್ರಕರಣಗಳೆಷ್ಟು, (ಇ) ಪ್ರತಿ ವಾಹನ ದುರಸ್ತಿಯಿಂದ ಎಷ್ಟು ದಿನ, ಸಿಬ್ಬಂದಿ ಇಲ್ಲದೆ ಎಷ್ಟು ದಿನ ನಿಂತಿತ್ತು, (ಈ) ಆಸ್ಪತ್ರೆಯಿಂದ ಆಸ್ಪತ್ರೆಗೆ, ಜಿಲ್ಲೆಯ ಹೊರಗೆ ರೋಗಿಗಳನ್ನು ಸಾಗಿಸಿದ ಪ್ರಕರಣಗಳೆಷ್ಟು, (ಉ) ವಿಳಂಬಕ್ಕಾಗಿ ಗುತ್ತಿಗೆದಾರರಿಂದ ವಸೂಲಾದ ದಂಡವೆಷ್ಟು?"

(ಆ)ದಲ್ಲಿ "ಕರೆ ಸ್ವೀಕರಿಸಿದ ಸಮಯದಿಂದ" ಎಂಬ ಮಾತು ಬಿಡಬೇಡಿ. ಬಿಟ್ಟರೆ ವಾಹನ ಹೊರಟ ಕ್ಷಣದಿಂದ ಲೆಕ್ಕ ಹಾಕಿ ಉತ್ತರ ಬರಬಹುದು. ಆಗ ವಾಹನಕ್ಕಾಗಿ ಕಾದ ಹೊತ್ತು ಮಾಯವಾಗುತ್ತದೆ. ಸರಾಸರಿಯನ್ನೂ ಕೇಳಬೇಡಿ. ಮಡಿಕೇರಿ, ಕುಶಾಲನಗರ ಪೇಟೆಯೊಳಗಿನ ಹತ್ತು ನಿಮಿಷದ ಕರೆಗಳು ಬಿರುನಾಣಿ, ಕರಿಕೆಯ ಒಂದು ಗಂಟೆಯ ಕರೆಗಳನ್ನು ಮುಚ್ಚಿಹಾಕುತ್ತವೆ.

ಕೊಡಗಿನ ಮಟ್ಟಿಗೆ (ಈ) ಎಲ್ಲಕ್ಕಿಂತ ದೊಡ್ಡದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ತಲೆಗೆ ಪೆಟ್ಟಾದವರನ್ನೋ ಹೃದಯಾಘಾತವಾದವರನ್ನೋ ಕರೆದುಕೊಂಡು ಹೋದ ವಾಹನ ಹಿಂದಿರುಗುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಅಷ್ಟು ಹೊತ್ತು ಅದು ನಿಲ್ಲುವ ಜಾಗ ಖಾಲಿ. ಮಳೆಗಾಲದಲ್ಲಿ ಸಂಪಾಜೆ ಘಾಟಿನಲ್ಲಿ ಮಣ್ಣು ಕುಸಿದರೆ ಮಂಗಳೂರಿನ ದಾರಿಯೂ ಇಲ್ಲ. ಸ್ಥಳಾಂತರಕ್ಕೇ ಬೇರೆ ವಾಹನ ಬೇಕೆಂಬ ಬೇಡಿಕೆಗೆ ಈ ಅಂಕಿಯೇ ಆಧಾರ.

ಇನ್ನು, ಯಾವ ಸಚಿವರನ್ನು ಕೇಳುವುದು? 108 ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಆರೋಗ್ಯ ಸಚಿವರು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದ್ದು, ಅದು ವೈದ್ಯಕೀಯ ಶಿಕ್ಷಣ ಇಲಾಖೆಯ ಅಡಿ ಬರುತ್ತದೆ. ಅಲ್ಲಿನ ತುರ್ತು ಘಟಕದ ವೈದ್ಯರ ಹುದ್ದೆ, ಸಿ.ಟಿ. ಸ್ಕ್ಯಾನ್ ವಿಚಾರವನ್ನು ಆರೋಗ್ಯ ಸಚಿವರಿಗೆ ಕೇಳಿದರೆ "ಈ ಇಲಾಖೆಗೆ ಸಂಬಂಧಿಸಿಲ್ಲ" ಎಂದು ಹಿಂದಿರುಗಬಹುದು. ಎರಡು ಪ್ರಶ್ನೆಗಳಾಗಿ ಒಡೆದು ಕೊಡಿ. ಬಜೆಟ್‌ನಲ್ಲಿ ಹುಡುಕುವವರು ಆರೋಗ್ಯದ ಅನುದಾನ ಬೇಡಿಕೆ ಸಂಖ್ಯೆ 22, ಅದರಲ್ಲಿ ದಿನನಿತ್ಯದ ಖರ್ಚಿನ ಲೆಕ್ಕಶೀರ್ಷಿಕೆ 2210 ನೋಡಬೇಕು. ಕಟ್ಟಡದ ಹಣ 4210ರಲ್ಲಿರುತ್ತದೆ. ಆಯವ್ಯಯ ಅಂದಾಜಿಗೆ ತೃಪ್ತರಾಗದೆ ಪರಿಷ್ಕೃತ ಅಂದಾಜನ್ನೂ ನಿಜ ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿ.

"ಮಾಹಿತಿ ಸಂಗ್ರಹಿಸಿ ಒದಗಿಸಲಾಗುವುದು" ಎಂಬ ಉತ್ತರ ಬಂದರೆ ಕೈಬಿಡಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ. ಸರ್ಕಾರಿ ಭರವಸೆಗಳ ಸಮಿತಿಗೆ ಅದನ್ನು ಒಪ್ಪಿಸಿ ಬೆನ್ನು ಹತ್ತುವಂತೆ ಶಾಸಕರನ್ನು ಒತ್ತಾಯಿಸಿ. ಅಧಿವೇಶನ ಇಲ್ಲದ ದಿನಗಳಲ್ಲಿ ಇವೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು.

ಸೋಮವಾರಪೇಟೆಯ ಓದುಗರು: ಸಂಸತ್ತಿನ ಸ್ಥಾಯಿ ಸಮಿತಿಗೆ ನಮ್ಮಂಥವರು ಬರೆಯಬಹುದೇ?

ಬರೆಯಬಹುದು. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸ್ಥಾಯಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಬಜೆಟ್ ಮಂಡನೆಯ ನಂತರದ ಬಿಡುವಿನಲ್ಲಿ ಇಲಾಖೆಯ ಅನುದಾನ ಬೇಡಿಕೆಗಳನ್ನು ಸಾಲುಸಾಲಾಗಿ ನೋಡುವುದು ಇವರೇ. ಸದನದಲ್ಲಿ ಹೆಚ್ಚಿನ ಬೇಡಿಕೆಗಳು ಚರ್ಚೆಯಿಲ್ಲದೆ ಮತಕ್ಕೆ ಹೋಗುವುದರಿಂದ ಈ ಪರಿಶೀಲನೆಯ ಬೆಲೆ ದೊಡ್ಡದು. ಶಿಫಾರಸು ಸರ್ಕಾರಕ್ಕೆ ಕಡ್ಡಾಯವಲ್ಲ, ಆದರೆ ಕೈಗೊಂಡ ಕ್ರಮದ ವರದಿಯನ್ನು ಮೂರು ತಿಂಗಳಲ್ಲಿ ಕೊಡಬೇಕು.

ಒಬ್ಬ ರೋಗಿಯ ದೂರನ್ನು ಅಲ್ಲಿಗೆ ಕಳುಹಿಸಬೇಡಿ. ದಿನನಿತ್ಯದ ಆಡಳಿತ ಅವರ ವ್ಯಾಪ್ತಿಯಲ್ಲಿಲ್ಲ. ಮಾನದಂಡದ ತಪ್ಪನ್ನು ತೋರಿಸಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಒಂದು ಲಕ್ಷ ಜನಕ್ಕೆ ಮೂಲ ಜೀವರಕ್ಷಕ ಸೌಲಭ್ಯದ ಒಂದು ಬಿಎಲ್‌ಎಸ್ ವಾಹನ, ಐದು ಲಕ್ಷಕ್ಕೆ ವೆಂಟಿಲೇಟರ್ ಇರುವ ಒಂದು ಎಎಲ್‌ಎಸ್. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519, ವಿಸ್ತೀರ್ಣ 4,102 ಚ.ಕಿ.ಮೀ. ಅಂದರೆ ಮಾನದಂಡದ ಪ್ರಕಾರ ಒಂದು ಬಿಎಲ್‌ಎಸ್ ವಾಹನದ ಪಾಲಿಗೆ ಸುಮಾರು 740 ಚ.ಕಿ.ಮೀ. ಕಾಡು, ತೋಟ, ಘಾಟಿ ರಸ್ತೆ ಬರುತ್ತದೆ. ಅದೇ ಲೆಕ್ಕ ಬೆಂಗಳೂರು ನಗರ ಜಿಲ್ಲೆಗೆ ಹಾಕಿದರೆ ಸುಮಾರು 23 ಚ.ಕಿ.ಮೀ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲುಸೀಮೆಯಲ್ಲಿ 30 ಸಾವಿರ, ಗುಡ್ಡಗಾಡಿನಲ್ಲಿ 20 ಸಾವಿರ ಜನರೆಂದು ರಿಯಾಯಿತಿ ಇರುವಾಗ ಆಂಬುಲೆನ್ಸಿಗೂ ದೂರವನ್ನು ಅಳತೆಯಾಗಿಸಿ ಎಂದು ಕೇಳುವುದು ನ್ಯಾಯ. ಸಮಿತಿ ಅಭಿಪ್ರಾಯ ಆಹ್ವಾನಿಸಿ ಪತ್ರಿಕಾ ಪ್ರಕಟಣೆ ಕೊಟ್ಟಾಗ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪುಟದೊಳಗೆ ಬರೆದು ಕಳುಹಿಸಿ.

ಕುಶಾಲನಗರದ ಓದುಗರು: ಸಂಸದರ ನಿಧಿಯಿಂದ ಬಂದ ಆಂಬುಲೆನ್ಸ್ ಆಸ್ಪತ್ರೆಯ ಶೆಡ್ಡಿನಲ್ಲೇ ನಿಂತಿದೆ. ಯಾಕೆ?

ವರ್ಷಕ್ಕೆ 5 ಕೋಟಿಯ ಆ ನಿಧಿಯಲ್ಲಿ ವಾಹನ ಕೊಳ್ಳಬಹುದು, ನಡೆಸಲು ಬರುವುದಿಲ್ಲ. ಸಂಬಳ, ಡೀಸೆಲ್, ವಿಮೆಯಂಥ ಆವರ್ತಕ ಖರ್ಚಿಗೆ ಅವಕಾಶವಿಲ್ಲ. 24 ಗಂಟೆ ಓಡಲು 12 ಗಂಟೆಯ ಎರಡು ಪಾಳಿ, ವಾರದ ರಜೆ ಸೇರಿ ಕನಿಷ್ಠ ಮೂವರು ಚಾಲಕರು ಬೇಕು. ಮಂಜೂರಾದದ್ದು ಒಬ್ಬರಾದರೆ ರಾತ್ರಿ ವಾಹನ ನಿಲ್ಲುತ್ತದೆ. ವಿಮೆ, ಎಫ್.ಸಿ. (ವಾಹನದ ಸುಸ್ಥಿತಿ ಪ್ರಮಾಣಪತ್ರ) ಮುಗಿದರೆ ಹಗಲೂ ನಿಲ್ಲುತ್ತದೆ. ಸಂಬಳ ಯಾವ ಲೆಕ್ಕದಿಂದ ಎಂಬ ಆದೇಶದ ಪ್ರತಿಯನ್ನು ಆಡಳಿತ ವೈದ್ಯಾಧಿಕಾರಿಗಳಲ್ಲಿ ಕೇಳಿ. ಡೀಸೆಲ್ ಕೊರತೆಯಾದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ವಿಷಯ ಇಡಿಸಿ. "ಅನುದಾನವಿಲ್ಲ" ಎಂಬುದು ತುರ್ತು ಚಿಕಿತ್ಸೆ ನಿರಾಕರಿಸಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಪಶ್ಚಿಮ ಬಂಗಾಳ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಮನವಿಯಲ್ಲಿ ಅದನ್ನು ಉಲ್ಲೇಖಿಸಿ.

ವಿರಾಜಪೇಟೆಯ ಓದುಗರು: ಅಪಘಾತವಾದಾಗ ಖಾಸಗಿ ಆಸ್ಪತ್ರೆ ಮುಂಗಡ ಕೇಳಬಹುದೇ?

ತುರ್ತು ಸಂದರ್ಭದಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಿ. ಬಿಲ್ಲು, ದಾಖಲಾದ ಸಮಯದ ಚೀಟಿ ಜೊತೆಗಿರಲಿ. ರಸ್ತೆ ಅಪಘಾತಕ್ಕೆ ಮೇ 2025ರಿಂದ ಕೇಂದ್ರದ ನಗದುರಹಿತ ಯೋಜನೆಯೂ ಇದೆ: ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಪೂರ್ತಿ ಸೌಲಭ್ಯ ನಿಗದಿತ ಆಸ್ಪತ್ರೆಗಳಲ್ಲಿ ಮಾತ್ರ, ಬೇರೆಡೆ ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ಚಿಕಿತ್ಸೆ. ಈ ಯೋಜನೆ ರೂಪಿಸಬೇಕೆಂದು ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿದ್ದು 2019ರಲ್ಲಿ. ಸುಪ್ರೀಂ ಕೋರ್ಟ್ ಗಡುವು ವಿಧಿಸಿದ ಮೇಲಷ್ಟೇ ಅದು ಜಾರಿಗೆ ಬಂತು. ಕೊಡಗಿನಲ್ಲಿ ನಿಗದಿಯಾದ ಆಸ್ಪತ್ರೆಗಳು ಯಾವುವು, ಅವುಗಳಲ್ಲಿ ರಾತ್ರಿ ಶಸ್ತ್ರಚಿಕಿತ್ಸಕರು ಇರುತ್ತಾರೆಯೇ ಎಂಬುದು ನಿಮ್ಮ ಶಾಸಕರ ಮುಂದಿನ ಪ್ರಶ್ನೆಯಾಗಲಿ.