ಸಣ್ಣ ಗುಂಪುಗಳ ಚರ್ಚೆ ನಡೆಸಲು ಸ್ವಯಂಸೇವಕರನ್ನು ಸಜ್ಜುಗೊಳಿಸುವುದು ಹೇಗೆ?

ಸಿದ್ದಾಪುರದ ಸುತ್ತಲಿನ ಊರುಗಳಲ್ಲಿ ಕಾಡಾನೆ ಹಾವಳಿಯ ಕುರಿತು ಸಣ್ಣ ಗುಂಪುಗಳಲ್ಲಿ ಚರ್ಚೆ ಏರ್ಪಡಿಸುತ್ತಿದ್ದೀರಿ. ಅದನ್ನು ನಡೆಸಿಕೊಡಲು ಮುಂದೆ ಬಂದಿರುವ ಕಾಲೇಜು ವಿದ್ಯಾರ್ಥಿಗಳಿಗೆ ಒಂದೇ ದಿನದಲ್ಲಿ ಏನು ಕಲಿಸಬೇಕೆಂದು ಕೇಳಿದ್ದೀರಿ. ಕೊಡಗಿನಲ್ಲಿ ಇಂಥದೇ ತರಬೇತಿಯ ಕೆಲಸದಲ್ಲಿರುವ ನನ್ನ ಸಲಹೆಯೆಂದರೆ, ಆ ದಿನವನ್ನು ಆನೆಯ ಬಗ್ಗೆ ಉಪನ್ಯಾಸ ಕೊಡಿಸಲು ಕಳೆಯದೆ, ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿ.

ಸೋಲಾರ್ ಬೇಲಿ, ಕಂದಕ, ರೈಲು ಕಂಬಿಯ ತಡೆಬೇಲಿ, ಬೆಳೆನಷ್ಟದ ಪರಿಹಾರ ಇವೆಲ್ಲದರ ಬಗ್ಗೆ ಊರಿನವರಿಗೆ ನಿಮ್ಮ ವಿದ್ಯಾರ್ಥಿಗಳಿಗಿಂತ ಹೆಚ್ಚು ತಿಳಿದಿರುತ್ತದೆ. ಅರೆಬರೆ ಓದಿಕೊಂಡು ಬಂದವನು ಉತ್ತರ ಕೊಡಲು ಹೊರಟರೆ, ಜನ ಅವನನ್ನು ಅರಣ್ಯ ಇಲಾಖೆಯವನೆಂದೇ ಭಾವಿಸಿ ದೂರು ಹೇಳತೊಡಗುತ್ತಾರೆ. ಚರ್ಚೆ ಅಲ್ಲಿಗೆ ನಿಲ್ಲುತ್ತದೆ.

ಅಭ್ಯಾಸಕ್ಕೆ ಏಳೆಂಟು ಮಂದಿಯ ಗುಂಪು ಮಾಡಿ, ಒಬ್ಬರು ಚರ್ಚೆ ನಡೆಸಲಿ, ಉಳಿದವರು ಪಾತ್ರ ವಹಿಸಲಿ. ಮಾತು ನಿಲ್ಲಿಸದ ತೋಟದ ಮಾಲೀಕರು, ಅವರ ಮುಖ ನೋಡಿಕೊಂಡೇ ಮಾತಾಡುವ ರೈಟರ್ (ತೋಟದ ಗುಮಾಸ್ತ), ತಲೆ ತಗ್ಗಿಸಿ ಕುಳಿತ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹೆಂಗಸು, ಬಾಳೆ ಪೂರ್ತಿ ನಾಶವಾಗಿ ಸಿಟ್ಟಿನಲ್ಲಿರುವ ಸಣ್ಣ ಬೆಳೆಗಾರ, ಇಷ್ಟು ಪಾತ್ರಗಳು ಸಾಕು. ಒಬ್ಬರು ಹೊರಗೆ ಕುಳಿತು ಕಾಗದದ ಮೇಲೆ ವೃತ್ತ ಬರೆದು, ಸುತ್ತಲೂ ಹೆಸರು ಗುರುತಿಸಿ, ಯಾರು ಬಾಯಿ ತೆರೆದರೂ ಅವರ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಾ ಹೋಗಲಿ. ಕಾಲು ಗಂಟೆಯ ಬಳಿಕ ಆ ಕಾಗದವನ್ನು ನಡುವೆ ಇಟ್ಟರೆ ಯಾರೂ ಟೀಕೆ ಮಾಡಬೇಕಾಗಿಲ್ಲ. ಹೆಚ್ಚು ಗೀಟುಗಳು ಸಾಮಾನ್ಯವಾಗಿ ಚರ್ಚೆ ನಡೆಸಿದವರ ಹೆಸರಿನ ಮುಂದೆಯೇ ಇರುತ್ತವೆ.

ಪ್ರಶ್ನೆಗಳನ್ನು ಮೊದಲೇ ಬರೆಸಿ, ಒಬ್ಬರಿಂದೊಬ್ಬರಿಗೆ ಕೇಳಿಸಿ ನೋಡಿ. "ಇಲ್ಲಿ ಆನೆ ಕಾಟ ಇದೆಯೇ?" ಎಂದರೆ "ಇದೆ" ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. "ಕಳೆದ ವಾರ ಬೆಳಿಗ್ಗೆ ಕೆಲಸಕ್ಕೆ ಯಾವ ದಾರಿಯಲ್ಲಿ ಹೋದಿರಿ, ಆ ದಾರಿಯನ್ನೇ ಏಕೆ ಆರಿಸಿಕೊಂಡಿರಿ?" ಎಂದು ಕೇಳಿದರೆ ಆನೆ ನಿಂತಿದ್ದ ತಿರುವು, ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುವ ಕಷ್ಟ, ಎಲ್ಲವೂ ತಾನಾಗಿ ಹೊರಬರುತ್ತದೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಹೊಸಬರಿಗೆ ಇದಕ್ಕಿಂತ ಕಷ್ಟದ ಕೆಲಸ ಬೇರೊಂದಿಲ್ಲ.

ದೀರ್ಘವಾಗಿ ಮಾತಾಡುವವರನ್ನು ತಡೆಯುವ ವಾಕ್ಯವನ್ನು ಬಾಯಿಪಾಠ ಮಾಡಿಸುವುದು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ನಿವೃತ್ತ ಸೇನಾಧಿಕಾರಿಗಳಿಗೆ ಕೊರತೆಯಿಲ್ಲ, ಅಂಥವರ ಮಾತಿಗೆ ಅಡ್ಡ ಬರುವುದು ಇಪ್ಪತ್ತರ ಹುಡುಗಿಗೆ ಸುಲಭವೂ ಅಲ್ಲ. "ನೀವು ಹೇಳಿದ್ದನ್ನು ಬರೆದುಕೊಂಡಿದ್ದೇನೆ ಸರ್, ಇದೇ ವಿಷಯದಲ್ಲಿ ಈ ಅಕ್ಕನ ಅನುಭವವನ್ನೂ ಕೇಳೋಣ" ಎಂಬಷ್ಟು ಸಾಕಾಗುತ್ತದೆ.

ಆದರೆ ಮಾಲೀಕರನ್ನೂ ಅವರದೇ ತೋಟದ ಕೆಲಸಗಾರರನ್ನೂ ಒಂದೇ ಗುಂಪಿನಲ್ಲಿ ಕೂರಿಸಿದರೆ ಯಾವ ಜಾಣ್ಮೆಯೂ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಸಂಘಟಕರಾದ ನೀವೇ ತಪ್ಪಿಸಬೇಕು. ಭಾಷೆಯ ವಿಷಯವೂ ಹಾಗೆಯೇ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಾತು, ಇವುಗಳಲ್ಲಿ ಯಾವುದು ಯಾವ ಗುಂಪಿಗೆ ಬೇಕೆಂದು ನೋಡಿ ಸ್ವಯಂಸೇವಕರನ್ನು ಇಬ್ಬಿಬ್ಬರಾಗಿ ಜೋಡಿಸಿ. ಒಬ್ಬರು ನಡೆಸಲಿ, ಇನ್ನೊಬ್ಬರು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಲಿ.

1971ರಲ್ಲಿ ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ ಎಂಬ ವಿದ್ವಾಂಸರು ವಿವರಿಸಿದ ವಿಧಾನದಲ್ಲಿ, ಚರ್ಚೆಗೆ ಮುನ್ನ ಪ್ರತಿಯೊಬ್ಬರೂ ಮೌನವಾಗಿ ತಮ್ಮ ಅಭಿಪ್ರಾಯ ಬರೆದು, ಸರದಿಯ ಪ್ರಕಾರ ಒಂದೊಂದನ್ನೇ ಹೇಳುತ್ತಾರೆ. ಬರೆಯಲು ಬಾರದವರಿರುವ ಕಡೆ ಮೊದಲು ಇಬ್ಬಿಬ್ಬರು ಪರಸ್ಪರ ಮಾತಾಡಿಕೊಳ್ಳಲು ಬಿಟ್ಟರೆ, ಬಹುತೇಕ ಅದೇ ಫಲ ಸಿಗುತ್ತದೆ.

ಪರಿಹಾರ ಕೊಡಿಸುವ ಭರವಸೆ ನೀಡಬಾರದು, ಕೇಳದೆ ಫೋಟೊ ತೆಗೆಯಬಾರದು. ಆನೆ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಅತ್ತರೆ ವಿವರ ಕೆದಕದೆ, ಬರೆದುಕೊಳ್ಳುತ್ತಿರುವವರು ಪುಸ್ತಕ ಮುಚ್ಚಿ ಅವರ ಜೊತೆ ಹೊರಗೆ ಹೋಗಿ ಕೂರಬೇಕು. ಇದನ್ನೂ ಅಭ್ಯಾಸದಲ್ಲಿ ಸೇರಿಸಿ.

ದಿನ ನಿಗದಿಪಡಿಸುವಾಗ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ರೊಬಸ್ಟಾ ಕಾಫಿಯ ಕೊಯ್ಲನ್ನೂ ಸಂತೆಯ ದಿನವನ್ನೂ ಬಿಡಿ. ಯಾವ ದಿನವಾದರೂ ಸಂಜೆ ನಾಲ್ಕು ಗಂಟೆಗೆ ಚರ್ಚೆ ಮುಗಿಸುವಂತೆ ಸ್ವಯಂಸೇವಕರಿಗೆ ಕಟ್ಟುನಿಟ್ಟಾಗಿ ಹೇಳಿ, ಏಕೆಂದರೆ ಬಂದವರು ಕತ್ತಲಾಗುವ ಮುನ್ನ ಅದೇ ತೋಟದ ದಾರಿಗಳಲ್ಲಿ ನಡೆದು ಮನೆ ಸೇರಬೇಕಾಗಿರುತ್ತದೆ.