ಅವಳಿಗೆ ಅವನೇ ಯಾಕೆ?

ಕಾದಂಬರಿಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಬರೆಯುವವರು ಕಳಿಸಿದ ಈ ಸಲದ ಪತ್ರಗಳಲ್ಲೂ ಅದೇ ಹಳೆಯ ಪ್ರಶ್ನೆ ಬಂದಿದೆ: ಕಾದಂಬರಿಯ ಪ್ರೀತಿಯನ್ನು ಓದುಗರು ನಂಬುವ ಹಾಗೆ ಬರೆಯುವುದು ಹೇಗೆ? ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ನನ್ನ ಕಾದಂಬರಿಯಲ್ಲಿ ನರ್ಸ್ ಒಬ್ಬಳು ರೋಗಿಯ ಮಗನನ್ನು ಪ್ರೀತಿಸುತ್ತಾಳೆ. ಓದಿದವರೆಲ್ಲ ‘ನಂಬೋಕೆ ಆಗಲ್ಲ’ ಅಂತಾರೆ. ಇನ್ನೂ ನಾಲ್ಕು ಪ್ರಣಯದ ದೃಶ್ಯ ಸೇರಿಸಲಾ?

ದಯವಿಟ್ಟು ಬೇಡ. ಈ ಮಾತು ಕೇಳಿ ಕೇಳಿ ಈಗ ಸಿಟ್ಟೇ ಬರುತ್ತದೆ. ಅಪ್ಪುಗೆಯ ದೃಶ್ಯ ಸಪ್ಪೆ ಅನಿಸಿದರೆ, ತಪ್ಪು ಅದಕ್ಕೂ ಹತ್ತು ಪುಟ ಹಿಂದೆ ಆಗಿರುತ್ತದೆ.

ನೀವು ಕಳಿಸಿದ ಅಧ್ಯಾಯ ಓದಿದೆ. ಅವನು ಎತ್ತರಕ್ಕಿದ್ದಾನೆ, ಒಳ್ಳೆಯವನು, ನಗು ಚೆಂದ. ಇಂಥವರು ಆ ಆಸ್ಪತ್ರೆಗೆ ದಿನಾ ಬಂದು ಹೋಗುತ್ತಾರೆ, ಅಲ್ವಾ? ಇವನೇ ಯಾಕೆ ಅನ್ನುವುದಕ್ಕೆ ಎಲ್ಲೂ ಉತ್ತರ ಇಲ್ಲ.

ಅವಳ ಕಣ್ಣಿಗೆ ಏನು ಬೀಳುತ್ತದೆ ಅಂತ ಯೋಚಿಸಿ. ಅವನು ದಿನಾ ಬೆಳಿಗ್ಗೆ ಅಪ್ಪನ ಮಂಚದ ಪಕ್ಕ ಕೂತು ಪೇಪರ್ ಓದಿ ಹೇಳುತ್ತಾನೆ ಅಂದುಕೊಳ್ಳಿ. ಅಪ್ಪನಿಗೆ ಕಿವಿ ಮಂದ, ಅದಕ್ಕೇ ಜೋರಾಗಿ ಓದುತ್ತಾನೆ. ಒಂದು ಕಡೆ ಮಾತ್ರ ಎರಡು ಹಾಳೆ ಒಟ್ಟಿಗೆ ಮಗುಚುತ್ತಾನೆ. ನಿಧನ ವಾರ್ತೆಯ ಪುಟ ಅದು. ವಾರ್ಡಿನಲ್ಲಿ ಬೇರೆ ಯಾರೂ ಗಮನಿಸಲ್ಲ. ಅವಳು ಗಮನಿಸುತ್ತಾಳೆ, ಯಾಕೆಂದರೆ ಕೆಟ್ಟ ಸುದ್ದಿ ಹೇಗೆ ಹೇಳಲಿ ಅನ್ನುವುದು ಅವಳ ದಿನದ ಕಷ್ಟ. ವಾರ ಕಳೆದ ಮೇಲೆ ಒಂದು ದಿನ ಪೇಪರ್ ಕೊಡುವ ಮುಂಚೆ ಆ ಹಾಳೆಯನ್ನು ಅವಳೇ ಹರಿದು ತೆಗೆದಿಟ್ಟಿರುತ್ತಾಳೆ. 6ನೇ ಪುಟ ಮಗುಚಿದರೆ 9. ಅವನು ತಲೆ ಎತ್ತಿ ಅವಳನ್ನು ನೋಡುತ್ತಾನೆ. ಆಮೇಲೆ ಏನೂ ಆಗದವನ ಹಾಗೆ ಮುಂದಕ್ಕೆ ಓದುತ್ತಾನೆ. ಇಲ್ಲಿ ‘ಪ್ರೀತಿ’ ಅನ್ನುವ ಪದ ಬೇಕಾ?

ಇನ್ನು ಅಡ್ಡಿಯ ವಿಷಯ. ನಿಮ್ಮ ಕತೆಯಲ್ಲಿ ಅವನು ಯಾರೋ ಹುಡುಗಿಯ ಜೊತೆ ನಿಂತದ್ದನ್ನು ಕಂಡು ಅವಳು ತಪ್ಪು ತಿಳಿಯುತ್ತಾಳೆ, ಕೊನೆಗೆ ನೋಡಿದರೆ ಅದು ಅವನ ತಂಗಿ. ಒಂದು ಫೋನಿನಲ್ಲಿ ಮುಗಿಯುವ ಜಗಳಕ್ಕೆ 80 ಪುಟ! ಅದರ ಬದಲು ‘ಅಪ್ಪ ಹುಷಾರಾಗ್ತಾರೆ ಅಲ್ವಾ?’ ಅಂತ ಅವನು ಅವಳನ್ನೇ ಕೇಳಿದರೆ? ಹೌದು ಅಂದರೆ ಸುಳ್ಳಾಗುತ್ತದೆ. ಇಲ್ಲ ಅನ್ನಲು ಬಾಯಿ ಬರಲ್ಲ. ಆ ಕಷ್ಟವನ್ನು ಬರೆಯಿರಿ.

1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲಿ 61 ಅಧ್ಯಾಯ ಇವೆ. ನಾಯಕ ಡಾರ್ಸಿ ಮೊದಲ ಸಲ ಮದುವೆಯ ಮಾತೆತ್ತುವುದು 34ರಲ್ಲಿ. ನಾಯಕಿ ಎಲಿಜಬೆತ್ ಒಪ್ಪಲ್ಲ. ಅವನ ಸೊಕ್ಕು, ಅವಳ ಅಕ್ಕನಿಗೆ ಅವನು ಮಾಡಿದ ಅನ್ಯಾಯ, ಅವನ ಬಗ್ಗೆ ಅವಳು ಮೊದಲೇ ಕಟ್ಟಿಕೊಂಡ ಅಭಿಪ್ರಾಯ, ಎಲ್ಲ ಅಡ್ಡ ಬರುತ್ತವೆ. ಇಬ್ಬರೂ ಬದಲಾಗಿ ಅವಳು ಒಪ್ಪುವುದು 58ರಲ್ಲಿ, ಅಂದರೆ ಇನ್ನೂ 24 ಅಧ್ಯಾಯ ಬೇಕಾಯಿತು. ನೀವು ಆ ಬದಲಾವಣೆಯನ್ನು ಎರಡು ಪುಟದಲ್ಲಿ ಮುಗಿಸಿದ್ದೀರಿ.

ಪ್ರಶ್ನೆ: ಮೊದಲ ನೋಟದಲ್ಲೇ ಪ್ರೀತಿ ಹುಟ್ಟಿತು ಅಂತ ಬರೆಯಬಹುದಾ?

ಸೆಳೆತ ಅಂತ ಬರೆಯಿರಿ, ಸಾಕು.

ಪ್ರಶ್ನೆ: 36 ಪ್ರಶ್ನೆ ಒಬ್ಬರಿಗೊಬ್ಬರು ಕೇಳಿಕೊಂಡರೆ ಯಾರಿಗಾದರೂ ಪ್ರೀತಿ ಹುಟ್ಟುತ್ತದಂತೆ. ನನ್ನ ಪಾತ್ರಗಳಿಂದ ಕೇಳಿಸಲಾ?

ಅವು ಮನಶ್ಶಾಸ್ತ್ರಜ್ಞ ಆರ್ಥರ್ ಏರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆಗಳು. ಅಪರಿಚಿತರ ನಡುವೆ 45 ನಿಮಿಷದಲ್ಲಿ ಆಪ್ತತೆ ಮೂಡಿಸಬಹುದಾ ಅಂತ ನೋಡಿದ್ದು ಅಷ್ಟೇ. ಅದನ್ನು ಪ್ರೇಮದ ಮಂತ್ರ ಮಾಡಿ ಬರವಣಿಗೆಯ ಕ್ಲಾಸುಗಳಲ್ಲಿ ಮಾರುವವರಿಗೆ ದುಡ್ಡು ಸುರಿಯಬೇಡಿ. ಇಂತಿಷ್ಟನೇ ಪುಟಕ್ಕೆ ಮುತ್ತು ಅಂತ ಪಟ್ಟಿ ಕೊಡುವವರಿಗೂ ಬೇಡ.

ಪ್ರಶ್ನೆ: ನಾಯಕಿ ಆರು ಸಲ ಬೇಡ ಅನ್ನುತ್ತಾಳೆ. ನಾಯಕ ಬಿಡದೆ ಹಿಂದೆ ಬೀಳುತ್ತಾನೆ. ಏಳನೇ ಸಲ ಒಪ್ಪುತ್ತಾಳೆ. ಚೆನ್ನಾಗಿರುತ್ತದಾ?

ಇದಕ್ಕೆ ಕಾಟ ಅಂತ ಹೆಸರು. ಬೇಡ ಅನ್ನಿಸಿಕೊಂಡ ಡಾರ್ಸಿ ಮರುದಿನ ಬೆಳಿಗ್ಗೆ ಒಂದು ಪತ್ರ ಕೊಟ್ಟು ಹೊರಟುಹೋಗುತ್ತಾನೆ. ನಿಮ್ಮ ನಾಯಕ ಮೊದಲನೇ ‘ಬೇಡ’ ಕೇಳಿದ ಆ ರಾತ್ರಿ ಏನು ಮಾಡುತ್ತಾನೆ? ಅದೊಂದನ್ನು ಬರೆದು ಕಳಿಸಿ, ಓದುತ್ತೇನೆ.